ಹಾಡುವ ಮರಕ್ಕೆ ನೀರು ಬೇಡ

ಊಟಕ್ಕೆ ಕೂರಲು ಊರೆಲ್ಲ ಇರುತ್ತದೆ, ಎಲೆ ಎತ್ತಲು ಯಾರೂ ಸಿಗುವುದಿಲ್ಲ. ಬನವಾಸಿಯ ಮಹಿಳಾ ಸಂಘದ ಸಭೆಯಲ್ಲೂ ಅವತ್ತು ಹಾಗೇ ಆಯಿತು.

"ಶಿರಸಿಯೊಳಗ ಕಾಡಿನ ಹಬ್ಬ ಐತ್ರಿ. ಕಲಾವಿದರು, ಕಾಲೇಜು ಹುಡುಗರು ಕೂಡಿ ಕಾಡಿನ ದನಿ, ಬೆಳಕಿನ ಮರ ಎಲ್ಲಾ ಮಾಡ್ಯಾರ. ಜನಕ್ಕ ತೋರಿಸಾಕ ಸ್ವಯಂಸೇವಕರು ಬೇಕು. ಯಾರು ಬರ್ತೀರಿ?" ಎಂದು ಸಂಘದ ಪ್ರತಿಭಾ ಕೇಳಿದ್ದೇ ತಡ, ಎಲ್ಲರಿಗೂ ಮನೆಗೆಲಸ ನೆನಪಾಯಿತು.

ಗೌರಕ್ಕನಿಗೂ ನೆನಪಾಯಿತು. ಆದರೆ ಆ ಬೆಳಕಿನ ಮರ ಮಾಡಿದವಳು ಅವಳ ಮಗಳು ಶಿವರಂಜನಿ. ಬಿದಿರು, ಬಟ್ಟೆ, ವೈರು ಹಿಡಿದು ಆ ಹುಡುಗಿ ರಜೆಯನ್ನೆಲ್ಲ ಅದಕ್ಕೇ ಸುರಿದಿದ್ದಳು. ಕಾಂಡ ಮುಟ್ಟಿದರೆ ಕೊಂಬೆಗಳು ಬೆಳಗಿ ಮಂಗಟ್ಟೆ ಹಕ್ಕಿ ಕೂಗಬೇಕು.

"ನೋಡಾಕ ಬರ್ತೀನವ್ವ. ಅಲ್ಲಿ ನಿಂತು ಕೆಲಸ ಮಾಡಾಕ ನನಗ ಕಂಪ್ಯೂಟರ್ ಎಲ್ಲಿ ಬರ್ತೈತಿ?" ಎಂದು ಪ್ರತಿಭಾಗೆ ಹೇಳಿದಳು.

"ಕಂಪ್ಯೂಟರ್ ಬಲ್ಲವರು ಬೇಕಾದಷ್ಟು ಅದಾರ ಗೌರಕ್ಕ. ಜನರ ಕೂಡ ಮಾತಾಡೋರು ಬೇಕು. ಮೊದಲ ಒಂದಿನ ಎಲ್ಲಾ ಹೇಳಿಕೊಡ್ತಾರ. ನಿಮಗ ಬಿಡುವಿದ್ದಷ್ಟು ಹೊತ್ತು ನಿಲ್ರಿ, ಸಾಕು."

ಮನೆಯಲ್ಲಿ ಗಂಡ ಚಂದ್ರಶೇಖರಪ್ಪ ನಕ್ಕೇಬಿಟ್ಟ. "ಪಗಾರ ಇಲ್ಲ, ಏನಿಲ್ಲ. ಬಿಟ್ಟಿ ಚಾಕ್ರಿ!"

ಜೊತೆಗೆ ಬಂದಿದ್ದ ಪ್ರತಿಭಾ ಬಿಡಲಿಲ್ಲ. "ಅಣ್ಣಾರ, ಮದುವಿ ಮನ್ಯಾಗ ಬಡಸಾಕ ನಿಂತಾಗ ಪಗಾರ ಕೇಳಿದ್ರೇನು?"

ಚಂದ್ರಶೇಖರಪ್ಪ ಎಲೆಯಡಿಕೆಯ ಕಡೆ ಕೈ ಚಾಚಿದ. ಗೌರಕ್ಕ ಹೊರಟಳು.

ತರಬೇತಿಯಲ್ಲಿ ಅವಳು ಕಲಿತದ್ದು ಇಷ್ಟೇ: ಮಕ್ಕಳನ್ನು ಹತ್ತಿರ ಬಿಡಬೇಕು, ನೀರನ್ನು ದೂರ ಇಡಬೇಕು, ತಿಳಿಯದಿದ್ದರೆ ತಿಳಿದವರನ್ನು ಕರೆಯಬೇಕು. ಹಬ್ಬದ ದಿನ ಕೊರಳಿಗೆ ಹಸಿರು ಪಟ್ಟಿಯ ಗುರುತಿನ ಚೀಟಿ ಬಿದ್ದಾಗ ಅವಳಿಗೆ ಖುಷಿಯೋ ಖುಷಿ!

ಯಲ್ಲಾಪುರ, ಸಿದ್ದಾಪುರದಿಂದೆಲ್ಲ ಜನ ಬಂದರು. ಕಿರವತ್ತಿಯ ದ್ಯಾವಮ್ಮ ಎಂಬ ಅಜ್ಜಿ ಕಾಂಡದ ಮೇಲೆ ಕೈ ಇಟ್ಟಳು. ಮರ ಬೆಳಗಿತು, ಮಂಗಟ್ಟೆ ಕೂಗಿತು.

"ಅಯ್ಯ ನನ್ನ ತಾಯಿ!" ಎಂದವಳೇ ಚಪ್ಪಲಿ ಕಳಚಿ, ಸಂಚಿಯಿಂದ ಕುಂಕುಮ ತೆಗೆದು ಕಾಂಡಕ್ಕೆ ಹಚ್ಚಿದಳು. ಅಷ್ಟೇ! ಹಿಂದಿದ್ದ ಸಾಲೆಲ್ಲ ಚಪ್ಪಲಿ ಬಿಟ್ಟಿತು. ಒಬ್ಬಳು ಮುಡಿದ ಹೂವನ್ನೇ ಏರಿಸಿದಳು. ದ್ಯಾವಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು ಬುಡಕ್ಕೆ ಎರೆಯಲು ಬಾಗಿದಳು.

ಬುಡದಲ್ಲೇ ವೈರುಗಳಿದ್ದವು. "ದಯವಿಟ್ಟು ಕಲಾಕೃತಿಯಿಂದ ದೂರವಿರಿ" ಎಂದು ಮೈಕು ಕೂಗಿತು. ಯಾರೂ ಕದಲಲಿಲ್ಲ, ಅವರ ಕಣ್ಣಿಗೆ ಅಲ್ಲಿದ್ದದ್ದು ಕಲಾಕೃತಿಯಲ್ಲ, ಮರ. ದೂರದಲ್ಲಿ ಶಿವರಂಜನಿಯ ಮುಖ ಬಿಳಿಚಿಕೊಂಡಿತು.

ಗೌರಕ್ಕ ಓಡಿಬಂದು ಅಜ್ಜಿಯ ಕೈ ಹಿಡಿದಳು. "ಯವ್ವಾ, ತಡೀರಿ. ಇದರ ಬೇರು ವೈರಿಂದು. ನೀರು ಬಿದ್ರ ಕರೆಂಟು ಹೊಡೀತೈತಿ, ಹಕ್ಕಿನೂ ಸುಮ್ಮನಾಗ್ತೈತಿ. ನನ್ನ ಮಗಳು ಮಾಡಿದ ಮರ ಇದು."

"ಹೌದವ್ವ. ಆದ್ರ ತಾಯಿಗೆ ಅಂತ ಎತ್ತಿದ ನೀರು ಹಿಂದಕ್ಕ ಹೆಂಗ ಇಡ್ಲಿ?"

ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಗೌರಕ್ಕ ಸುತ್ತ ನೋಡಿದಳು. ಗೇಟಿನ ಹತ್ತಿರ ಜನರಿಗೆ ಕೊಡಲೆಂದು ಹಲಸಿನ ಸಸಿಗಳನ್ನು ಇಟ್ಟಿದ್ದರು. ಬಿಸಿಲಿಗೆ ಬಾಡಿದ್ದವು.

"ಅಲ್ಲಿ ನೋಡ್ರಿ, ಎಳೆ ಮರಗಳು ಬಾಯಾರಿ ನಿಂತಾವ. ಇಲ್ಲಿ ಕೈ ಮುಗೀರಿ, ಅಲ್ಲಿ ನೀರು ಹಾಕ್ರಿ."

ದ್ಯಾವಮ್ಮ ಬೊಚ್ಚು ಬಾಯಲ್ಲಿ ನಕ್ಕಳು. "ಅವೂ ತಾಯೀನ ಅಲ್ಲೇನು!" ಅವಳು ಹೊರಟಳು, ಸಾಲೂ ಹೊರಟಿತು. ಸಂಜೆಯ ತನಕ ಅದೇ ಸಂಭ್ರಮ: ಇಲ್ಲಿ ಹಕ್ಕಿಯ ಕೂಗು, ಅಲ್ಲಿ ಸಸಿಗೆ ನೀರು. ನೀರೆರೆದವರು ಸಸಿಯನ್ನು ಮನೆಗೂ ಒಯ್ದರು. ಶಿವರಂಜನಿ ಬಂದು ಅವ್ವನನ್ನು ಗಟ್ಟಿಯಾಗಿ ತಬ್ಬಿಕೊಂಡಳು.

ಮಗಳ ಮರ ನೋಡಲು ತಾನೂ ಬಂದಿದ್ದ ಚಂದ್ರಶೇಖರಪ್ಪ ಎಲ್ಲಿ? ಜನ ಬಿಟ್ಟ ಚಪ್ಪಲಿಗಳ ರಾಶಿಯನ್ನು ಜೋಡಿ ಮಾಡುತ್ತ ಕೂತಿದ್ದ.

"ಏನ್ರೀ ಅಣ್ಣಾರ, ಬಿಟ್ಟಿ ಚಾಕ್ರಿ?" ಎಂದಳು ಪ್ರತಿಭಾ.

"ಸುಮ್ಮನಿರವ್ವ. ನಾಳಿಗೂ ಬರ್ತೀನಿ, ನನಗೂ ಒಂದು ಹಸಿರು ಪಟ್ಟಿ ಕೊಡಸು."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಸೀಮೆಯಲ್ಲೂ ಇಂಥ ಹಬ್ಬ ನಡೆದರೆ "ನನಗೇನು ಬರುತ್ತದೆ" ಎಂದು ಹಿಂದೆ ಸರಿಯಬೇಡಿ. ಮುಂಚೆಯೇ ಹೋಗಿ ಹೆಸರು ಕೊಡಿ, ತರಬೇತಿ ತಪ್ಪಿಸಬೇಡಿ, ಬಿಡುವಿದ್ದಷ್ಟು ಹೊತ್ತು ನಿಲ್ಲಿ. ನಮ್ಮ ಜನರ ಕೈ ಹಿಡಿದು "ಯವ್ವಾ, ತಡೀರಿ" ಎನ್ನಲು ಯಾವ ಮೈಕಿಗೂ ಬರುವುದಿಲ್ಲ. ನಿಮಗೆ ಬರುತ್ತದೆ. ಬರ್ರಿ!