ಪಿಸುಮಾತು ತಂದ ಪದ

ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ ನಾನು ಹನ್ನೆರಡು ವರ್ಷದಿಂದ ಇಂಗ್ಲಿಷ್ ಪದಗಳನ್ನು ಕಲಿಸುತ್ತಿದ್ದೇನೆ. ವ್ಯಾಕರಣ ಅಲ್ಲ, ಪ್ರಬಂಧ ಅಲ್ಲ, ಬರೀ ಪದ. ಕಾಲೇಜು ಸೇರುವ ಪರೀಕ್ಷೆಯಲ್ಲಿ ನಲವತ್ತು ಅಂಕ ಕಷ್ಟದ ಪದಗಳಿಗೇ ಮೀಸಲು. ಅದಕ್ಕಾಗಿ ಮಕ್ಕಳು ಬರುತ್ತಾರೆ. ದಿನಕ್ಕೆ ಹತ್ತು ಪದ. ಅರ್ಥವನ್ನು ನಿಘಂಟಿನಿಂದ ಇಳಿಸಿಕೊಂಡು ಬಂದರೆ ನಾನು ಒಪ್ಪುವವಳಲ್ಲ. ಮನೆಯಲ್ಲಿ ಆಡುವ ಮಾತಿನಲ್ಲಿ ಹೇಳಬೇಕು, ಆಮೇಲೆ ತಮ್ಮದೇ ಒಂದು ವಾಕ್ಯ ಕಟ್ಟಬೇಕು. ಯಾರಾದರೂ ಹೊರಗಿನಿಂದ ಹೊಸ ಪದ ಹಿಡಿದು ತಂದರೆ ಆವತ್ತಿನ ಪಾಠ ಅದರಿಂದಲೇ ಶುರು. ತಂದವರಿಗೆ ಎಲ್ಲರೂ ಚಪ್ಪಾಳೆ ತಟ್ಟಬೇಕು.

ಹೋದ ವರ್ಷ ಬರುತ್ತಿದ್ದವರಲ್ಲಿ ಒಬ್ಬ ಹುಡುಗಿ ಉತ್ತರ ಗೊತ್ತಿದ್ದರೂ ಗಂಟಲೊಳಗೇ ಹೇಳುತ್ತಿದ್ದಳು. "ಅದನ್ನ ನಂಗೆ ಹೇಳಿದ್ಯಾ, ನಿನ್ನ ಪುಸ್ತಕಕ್ಕೆ ಹೇಳಿದ್ಯಾ?" ಎಂದು ರೇಗಿಸುತ್ತಿದ್ದೆ. ಪಿಸುಮಾತು ಎಂದು ಹೆಸರಿಟ್ಟವಳೂ ನಾನೇ. ಅವಳ ತಂದೆ ದೂರದ ಊರುಗಳಿಗೆ ಸರಕಿನ ಲಾರಿ ಓಡಿಸುತ್ತಿದ್ದರು, ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ತಾಯಿಗೆ ಹುಷಾರಿಲ್ಲ ಎಂದು ಅವಳು ಎರಡು ಸಲ ರಜೆ ಕೇಳಿದ್ದಳು. ಕೊಟ್ಟಿದ್ದೆ. ಏನಾಗಿದೆ ಎಂದು ಮಾತ್ರ ಕೇಳಿರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಅವಳು ತಾನಾಗಿಯೇ ಕೈಯೆತ್ತಿದಳು.

"ಟೀಚರ್, ನಾನೊಂದು ಪದ ತಂದಿದೀನಿ."

ಅಂಗೈಯಲ್ಲಿ ಮಡಚಿಟ್ಟುಕೊಂಡಿದ್ದ ಚೀಟಿಯನ್ನು ತಂದು ಕೊಟ್ಟಳು. ಪ್ಯಾಲಿಯೇಟಿವ್. ಕಾಗುಣಿತ ಸರಿಯಾಗಿತ್ತು. ನನಗೆ ಹಿಗ್ಗೋ ಹಿಗ್ಗು. "ನೋಡ್ರೋ, ಬಾಯೇ ಬಿಡದವಳು ಎಂಥಾ ಪದ ತಂದಿದಾಳೆ!" ಎಂದೆ. ಇಪ್ಪತ್ತಮೂರು ಜನ ಚಪ್ಪಾಳೆ ತಟ್ಟಿದರು. ಅವಳು ತಲೆ ತಗ್ಗಿಸಿದಳು. ನಾಚಿಕೆ ಎಂದುಕೊಂಡೆ.

ಹಲಗೆಯ ಮೇಲೆ ದೊಡ್ಡದಾಗಿ ಬರೆದೆ. ಮೂಲದಲ್ಲಿ ಅದು ಹೊದಿಕೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು, ಒಳಗಿನ ತೊಂದರೆ ಒಳಗೇ ಇರುತ್ತದೆ, ಮೇಲೆ ಬೆಚ್ಚಗೆ ಹೊದಿಸುವುದಷ್ಟೇ ಎಂದು ವಿವರಿಸಿದೆ. ವಾಕ್ಯ ಕಟ್ಟಿ ಎಂದಾಗ ಸೈಕಲ್ ಅಂಗಡಿಯವರ ಮಗಳು ಎದ್ದು ನಿಂತಳು.

"ನಮ್ಮಣ್ಣ ಪಂಕ್ಚರ್ ಹಾಕಿಸ್ದೆ ದಿನಾ ಗಾಳಿ ಮಾತ್ರ ಹೊಡೆಸ್ಕೊಂಡು ಹೋಗ್ತಾನಲ್ಲ, ಅದು ಪ್ಯಾಲಿಯೇಟಿವ್!"

ತರಗತಿಯೆಲ್ಲ ಘೊಳ್ಳೆಂದಿತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಗದ್ದಲದಲ್ಲೇ ಪಿಸುಮಾತು ಕೇಳಿದಳು, "ಅಂದ್ರೆ ವಾಸಿ ಆಗೋದೇ ಇಲ್ವಾ ಟೀಚರ್?"

"ವಾಸಿ ಆಗೋ ಹಾಗಿದ್ರೆ ಆ ಪದ ಯಾಕಮ್ಮ ಬಳಸ್ತಾರೆ? ಅದೇ ಅದರ ಸೂಕ್ಷ್ಮ," ಎಂದೆ. ಒಳ್ಳೆಯ ಪ್ರಶ್ನೆ ಕೇಳಿದೆ ಎಂದು ಬೆನ್ನನ್ನೂ ತಟ್ಟಿದೆ. ಅವಳು ಕೂತು ಅರ್ಥವನ್ನು ಬರೆದುಕೊಂಡಳು.

ಮರುದಿನದಿಂದ ಅವಳು ಬರಲಿಲ್ಲ. ಹತ್ತು ದಿನ ಕಳೆದ ಮೇಲೆ ಸೈಕಲ್ ಅಂಗಡಿಯವರ ಮಗಳು ಅಳುತ್ತಾ ಮೆಟ್ಟಿಲು ಹತ್ತಿ ಬಂದಳು. "ಟೀಚರ್, ಅವ್ಳ ಅಮ್ಮ ಹೋಗ್ಬಿಟ್ರಂತೆ." ವಿಷಯವೆಲ್ಲ ತಿಳಿದದ್ದು ಆಗ.

ಆ ಗುರುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಇಬ್ಬರು ಡಾಕ್ಟರು ತಾಯಿಯ ಹಾಸಿಗೆಯ ಪಕ್ಕ ನಿಂತು ಇಂಗ್ಲಿಷಿನಲ್ಲಿ ಮಾತಾಡಿ ಹೋಗಿದ್ದರು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ಅವಳೊಬ್ಬಳಿಗೇ. "ಏನಂದ್ರಮ್ಮ?" ಎಂದು ಅಪ್ಪ ಕೇಳಿದಾಗ, "ಒಂದು ಪದ ಗೊತ್ತಾಗ್ಲಿಲ್ಲಪ್ಪ, ಸಾಯಂಕಾಲ ಹೇಳ್ತೀನಿ" ಎಂದು ನನ್ನ ತರಗತಿಗೆ ಬಂದಿದ್ದಳು. ಸಾಯಂಕಾಲ ಹೋಗಿ ಹೇಳಿದ್ದು ಇಷ್ಟೇ: ನೋವಿಗೆ ಒಳ್ಳೆ ಔಷಧಿ ಕೊಡ್ತಾರಂತೆ.

"ಹಾಗಾದ್ರೆ ಗುಣ ಆಗ್ತಾಳೆ ಅನ್ನು."

"ಆಗ್ತಾರಪ್ಪ."

ಅಪ್ಪ ಎರಡು ಸಲ ಮುಂದೂಡಿದ್ದ ಸರಕು ಹೇರಿಕೊಂಡು ಮಾರನೆಯ ಬೆಳಿಗ್ಗೆ ಹೊರಟರು. ಹೋಗಿ ಬರಲು ಆರು ದಿನದ ದಾರಿ. ಮೂರನೆಯ ದಿನ ತಾಯಿಗೆ ಉಸಿರು ಕಟ್ಟತೊಡಗಿತು. ಅವಳು ಫೋನು ಮಾಡಿದಳು; ಅವರು ಲಾರಿಯನ್ನು ಅಲ್ಲೇ ಬಿಟ್ಟು ಸಿಕ್ಕಿದ ಬಸ್ಸು ಹತ್ತಿದರು. "ನಿಮ್ಮಪ್ಪ ಎಲ್ಲಿವರೆಗೆ ಬಂದ್ರಂತೆ?" ಎಂದು ತಾಯಿ ಕಣ್ಣು ಬಿಟ್ಟಾಗಲೆಲ್ಲ ಕೇಳುತ್ತಿದ್ದರಂತೆ. ಅಪ್ಪ ಬಂದು ಮುಟ್ಟುವಷ್ಟರಲ್ಲಿ ಹಾಸಿಗೆಯ ಚಾದರವನ್ನೂ ಬದಲಾಯಿಸಿ ಆಗಿತ್ತು. ಕಾಗದಪತ್ರಕ್ಕೆ ಸಹಿ ಹಾಕಿಸಿಕೊಂಡ ನರ್ಸು, "ಡಾಕ್ಟರು ನಿಮಗೆ ಮೊದಲೇ ಹೇಳಿದ್ರಲ್ಲ?" ಎಂದಳಂತೆ.

ನಾನು ಅವರ ಮನೆಗೆ ಹೋದೆ. ಒಂದೇ ಕೋಣೆ. ಕಿಟಕಿಯ ಹತ್ತಿರ ಹೊಲಿಗೆ ಯಂತ್ರ, ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು. ತಂದೆ ಗೋಡೆಗೆ ಒರಗಿ ಕೂತಿದ್ದರು. ಮಗಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು.

"ನೀವೇನಾ ಪದ ಕಲಿಸೋ ಟೀಚರಮ್ಮ?"

"ಹೌದು."

"ಆ ಡಾಕ್ಟರು ಅಂದ್ರಲ್ಲ, ಆ ಪದಕ್ಕೆ ನಮ್ಮ ಮಾತಲ್ಲಿ ಏನಂತಾರೆ?"

"ಗುಣ ಮಾಡೋಕೆ ಆಗಲ್ಲ, ನೋವಾದ್ರೂ ಕಡಿಮೆ ಮಾಡೋಣ ಅಂತ."

"ಇಷ್ಟೇನಾ?" ಅವರು ನೆಲ ನೋಡುತ್ತಾ ಕೇಳಿದರು. "ಇಷ್ಟನ್ನ ಹೇಳೋಕೆ ಎಷ್ಟು ಹೊತ್ತು ಬೇಕಿತ್ತು?"

ಮಗಳ ಭುಜ ಅಲುಗಿತು. ನಾನು ತಡೆಯಲಾರದೆ ತರಗತಿಯಲ್ಲಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಚಪ್ಪಾಳೆ, ಸೈಕಲ್ಲಿನ ವಾಕ್ಯ, ನಗು, ಯಾವುದನ್ನೂ ಬಿಡಲಿಲ್ಲ. ಅವರು ಕೊನೆಯವರೆಗೂ ಕೇಳಿದರು.

"ನಿಮ್ಮನ್ನ ಯಾಕೆ ಬೈಲಿ ತಾಯಿ? ನೀವು ಸರಿಯಾಗೇ ಹೇಳ್ಕೊಟ್ಟಿದೀರಿ."

ಬೈದಿದ್ದರೆ ಸ್ವಲ್ಪ ಹಗುರಾಗುತ್ತಿದ್ದೆನೇನೋ. ಹೊರಟಾಗ ಅವಳು ಬೀದಿಯ ತಿರುವಿನವರೆಗೂ ನನ್ನ ಜೊತೆ ಬಂದಳು. ಆವತ್ತು ಅವಳ ದನಿ ಸ್ಪಷ್ಟವಾಗಿತ್ತು.

"ಗೊತ್ತಿದ್ದೇ ಸುಳ್ಳು ಹೇಳಿದೆ ಟೀಚರ್. ಅಪ್ಪ ಎರಡು ವಾರದಿಂದ ಆಸ್ಪತ್ರೆ ಬೆಂಚಲ್ಲೇ ಮಲಗ್ತಿದ್ರು. ಒಂದು ದಿನ ನಗಲಿ ಅನ್ಕೊಂಡೆ. ನಕ್ಕೂ ಬಿಟ್ರು. ಆ ನಗು ನೋಡಿದ್ಮೇಲೆ ತಿರುಗಿ ಹೇಳೋಕೆ ಬಾಯೇ ಬರ್ಲಿಲ್ಲ."

ಅವಳ ಕೈ ಹಿಡಿದುಕೊಂಡು ನಿಂತೆ.

ಅವಳು ಪರೀಕ್ಷೆ ಬರೆದಳು. ನಲವತ್ತಕ್ಕೆ ಮೂವತ್ತೆಂಟು ಬಂತು. ನನ್ನ ಕೈಕೆಳಗೆ ಅಷ್ಟು ಯಾರೂ ತೆಗೆದಿರಲಿಲ್ಲ. ಮಕ್ಕಳು ಈಗಲೂ ಪದ ಹಿಡಿದು ತರುತ್ತಾರೆ. ಎಲ್ಲಿ ಸಿಕ್ಕಿತು ಎಂದು ಕೇಳದೆ ನಾನು ಸೀಮೆಸುಣ್ಣ ಮುಟ್ಟುವುದಿಲ್ಲ, ಚಪ್ಪಾಳೆಯನ್ನಂತೂ ನಿಲ್ಲಿಸಿಬಿಟ್ಟಿದ್ದೇನೆ.

ಹೋದ ತಿಂಗಳು ಅವಳು ಕಾಲೇಜಿನ ಗೇಟಿನ ಹತ್ತಿರ ಸಿಕ್ಕಿದಳು. ತೆಳ್ಳಗಾಗಿದ್ದಳು. ಅಪ್ಪ ಹೇಗಿದ್ದಾರೆ ಎಂದು ಕೇಳಿದೆ.

"ಲಾರಿ ಓಡಿಸ್ತಿದಾರೆ. ಈಗೀಗ ಮಾತಾಡ್ತಾರೆ ಟೀಚರ್. ಊಟ ಆಯ್ತಾ ಅಂತಾರೆ, ಬಾಗಿಲು ಹಾಕ್ಕೋ ಅಂತಾರೆ."

"ಮತ್ತೆ?"

"ಮತ್ತೇನಿಲ್ಲ," ಎಂದಳು. ಗಂಟೆ ಹೊಡೆಯಿತು. ಚೀಲವನ್ನು ಹೆಗಲ ಮೇಲೆ ಸರಿಪಡಿಸಿಕೊಂಡು ಒಳಗೆ ಹೋದಳು.