ಕಾಳನ ಎದೆಯ ಪೋಟ

ಕುಳಿಯೊಳಗಿಂದ ಕರಿಯನ್ ಮೇಲಕ್ಕೆ ಕೈ ಚಾಚಿದ. "ಕೊಡು ಮಾತಿ. ಹೊತ್ತಾಯ್ತು."

ಕತ್ತಿ, ಎಲೆಯಡಿಕೆ ಚೀಲ, ಕಂಬಳಿ ಎಲ್ಲವನ್ನೂ ತಮ್ಮ ಕಾಳನ ಹೆಣದ ಪಕ್ಕ ಇಟ್ಟಾಗಿತ್ತು. ಸತ್ತವನ ಮೈಗೆ ಸೇರಿದ್ದು ಒಂದೂ ಮೇಲೆ ಉಳಿಯಬಾರದು. ಉಳಿದರೆ ಅದನ್ನು ಹುಡುಕುತ್ತಾ ಜೀವ ಅಲೆಯುತ್ತದೆ. ಕಾಳನ ಹೆಂಡತಿ ಮಾತಿ ಎಕ್ಸ್‌ರೇ ಹಾಳೆಯನ್ನು ಸೆರಗಿನೊಳಗೆ ಒತ್ತಿಕೊಂಡಳು.

"ಇದು ಬರೀ ಪೋಟ, ಬಾವ."

"ಪೋಟದಲ್ಲಿ ಮುಖ ಇರ್ತದೆ. ಇದ್ರಲ್ಲಿ ಪಕ್ಕೆಲುಬೇ ಐತಲ್ಲ! ಎಲುಬು ಬಿಟ್ಟು ಹೆಂಗೆ ಹೂಳ್ಲಿ?"

ಬದುವಿನ ಮೇಲೆ ಒಡೆಯರ ಕಾರ್ಯಸ್ಥ ಸುಕುಮಾರನ್ ಮೂಗಿಗೆ ಟವೆಲು ಒತ್ತಿ ನಿಂತಿದ್ದ. "ಬೇಗ ಹೂಳು ಕರಿಯಾ. ಕ್ಷಯದ ಹೆಣ. ಸಂಜೆಯೊಳಗೆ ಅವನ ಗುಡಿಸಲಿಗೂ ಬೆಂಕಿ ಇಡ್ಬೇಕು."

ಒಡೆಯರ ಜಮೀನಿನಲ್ಲಿ ಗುಡಿಸಲಿದ್ದವರಿಗೆ ಅದರ ನೆಲ ಎಂಬ ಕಾನೂನು ಆಗಷ್ಟೇ ಬಂದಿತ್ತು. ಕಾಳನೂ ಅರ್ಜಿ ಹಾಕಿದ್ದ. ಗುಡಿಸಲೇ ಇಲ್ಲದಿದ್ದರೆ? ಆ ವರ್ಷ ಚೇಕಾಡಿ ಊರಲ್ಲಿ ಅರ್ಜಿ ಹಾಕಿದವರಿಗೆ ಮಾತ್ರ ಕ್ಷಯ ಬರುತ್ತಿತ್ತು.

"ಕ್ಷಯ ಅಲ್ಲ ಅಂದ್ರು ಆಸ್ಪತ್ರೇಲಿ," ಎಂದಳು ಮಾತಿ.

"ಓಹೋ, ನೀನೂ ನಕ್ಸಲರ ಹಾಗೆ ಬಾಯಿ ಬಿಡೋಕೆ ಕಲಿತೆಯಾ?"

*

ನಾಲ್ಕು ದಿನದ ಹಿಂದೆ ಡಾಕ್ಟರ್ ಪದ್ಮಾಕ್ಷಿ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. "ಕರಿ ಇರೋದು ಗಾಳಿ. ಒಳ್ಳೇದು. ಬಿಳಿ ಕವಿದಿರೋದು ಕಾಯಿಲೆ."

ಕಾಳ ಕೆಮ್ಮುತ್ತಲೇ ನಕ್ಕ. "ಕೇಳಿದ್ಯಾ ಮಾತಿ? ಕರಿ ಒಳ್ಳೇದಂತೆ. ಒಡೆಯರಿಗೆ ಹೇಳು!"

ಎರಡೂ ಪಕ್ಕೆಯಲ್ಲಿ ಬೆಳಗಿನ ಗದ್ದೆಯಂತೆ ಮಂಜು. "ಕ್ಷಯದ ಥರ ಕಾಣಲ್ಲ. ಕಫದಲ್ಲೂ ಸಿಕ್ಕಿಲ್ಲ. ಶೀತಜ್ವರದ ವೈರಸ್ ಎದೆಗೆ ಇಳಿದಿರಬೇಕು." ಡಾಕ್ಟರು ಚೀಟಿ ಬರೆದರು. "ಯಾರಾದ್ರೂ ಕ್ಷಯ ಅಂದ್ರೆ ಇದನ್ನೂ ಎಕ್ಸ್‌ರೇನೂ ಒಟ್ಟಿಗೇ ತೋರಿಸು. ಬರೀ ಚೀಟಿಯನ್ನು ಯಾರೂ ನಂಬಲ್ಲ."

ಇರಬೇಕು ಎಂದರೆ ಇದೆಯೋ, ಇಲ್ಲವೋ? ಎಲುಬೂ ಬಿಳಿಯೇ ಇತ್ತಲ್ಲ, ಅದೂ ಕಾಯಿಲೆಯೋ? ಮಾತಿ ಕೇಳಬೇಕೆಂದುಕೊಂಡಳು. ಅಷ್ಟರಲ್ಲಿ ಮುಂದಿನವರ ಹೆಸರು ಕೂಗಿದರು.

*

"ಕ್ಷಯ ಅಲ್ಲ ಅಂತ ಇದನ್ನ ಅರ್ಜಿ ಹಾಕಿದ ಆಪೀಸಿಗೆ ತೋರಿಸ್ಬೇಕು ಬಾವ. ಇಲ್ದಿದ್ರೆ ನಾನೆಲ್ಲಿ ಮಲಗ್ಲಿ?"

"ಅವನೆಲ್ಲಿ ಮಲಗ್ಲಿ?"

ಕರಿಯನ್ ತಮ್ಮನ ಪಕ್ಕದ ಕಂಬಳಿ ಸರಿಮಾಡಿ ತಲೆ ಎತ್ತಿದ.

"ಆಪೀಸಿನ ಕೆಲಸ ಎಷ್ಟು ದಿನ?"

"ಗೊತ್ತಿಲ್ಲ."

"ವರ್ಷ?"

"ಗೊತ್ತಿಲ್ಲ ಬಾವ."

ಕರಿಯನ್ ಮೇಲೆ ಹತ್ತಿ ಬಂದ. ಎತ್ತರದ ಬಿದಿರು ಬುಟ್ಟಿಯೊಂದರ ತಳ ಕಿತ್ತು, ಮತ್ತೆ ಇಳಿದು, ತಮ್ಮನ ಎದೆಯ ಮೇಲೆ ನಿಲ್ಲಿಸಿದ. ಸುತ್ತ ಮಣ್ಣು ತುಂಬಿಸಿ ತುಳಿದ. ಬುಟ್ಟಿಯೊಳಕ್ಕೆ ಒಂದು ಹಿಡಿಯನ್ನೂ ಹಾಕಲಿಲ್ಲ.

"ಅದೇನೋ? ಮುಚ್ಚೋ!" ಸುಕುಮಾರನ್ ಕೂಗಿದ.

"ಇನ್ನೂ ಹೂತು ಮುಗಿದಿಲ್ಲ ಕಾರ್ಯಸ್ಥರೇ. ಇವನ ಎಲುಬು ಮೇಲೇ ಐತೆ, ಅದು ಬರೋವರೆಗೆ ದಾರಿ ಬಿಟ್ಟಿದ್ದೀನಿ. ಮುಗಿಯದೆ ಸಾವಿನ ಗುಡಿಸಲು ಮುಟ್ಟೋ ಹಂಗಿಲ್ಲ. ಮುಟ್ಟಿ ನೋಡಿ."

ಅಳಬೇಕೋ ಬೇಡವೋ ತಿಳಿಯದೆ ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಮಾತಿ ತೋಡಿನ ನೀರಂಚಿನಿಂದ ದೊಡ್ಡದೊಂದು ಕೆಸುವಿನ ಎಲೆ ಕಿತ್ತು ತಂದು ಆ ತೂತಿಗೆ ಮುಚ್ಚಿದಳು. ಗದ್ದೆಯ ಗಾಳಿಗೆ ಎಲೆ ಮೆಲ್ಲನೆ ಏಳುತ್ತಿತ್ತು, ಇಳಿಯುತ್ತಿತ್ತು.