ಒಂದು ನಿಮಿಷದ ಮೌನ

ಶಾಲು ಕುತ್ತಿಗೆಗೆ ಚುಚ್ಚುತ್ತಿದೆ, ಬೆವರಿಗೆ ಇನ್ನಷ್ಟು, ನಿಪ್ಪಾಣಿಯ ಈ ಬಿಸಿಲಲ್ಲಿ ಉಣ್ಣೆಯ ಶಾಲು ಯಾರಿಗೆ ಬೇಕಿತ್ತು — ಕಾಲೇಜಿನ ಸಮಾರಂಭಕ್ಕೆ ಬಂದ ವಿಶ್ವವಿದ್ಯಾಲಯದವರು ಮಾಜಿ ಸೈನಿಕರಿಗೆಂದು ಹೊದಿಸಿದ್ದು, ತೆಗೆದರೆ ಚೆಂದವಲ್ಲ, ನಿವೃತ್ತ ಹವಾಲ್ದಾರ ವಿರುಪಾಕ್ಷಪ್ಪ ವೇದಿಕೆಯ ಮೇಲೆ ಮೈ ಬಿಗಿಹಿಡಿದು ಕೂತಿದ್ದಾನೆ, ಕಿಟಕಿಯಿಂದ ತಂಬಾಕಿನ ಘಾಟು, ಪಕ್ಕದಲ್ಲಿ ಖಾಲಿ ಕುರ್ಚಿ, ಅದರ ಮೇಲೆ ಸಿದ್ದಲಿಂಗನ ಫೋಟೊ, ಇದೇ ಕಾಲೇಜಿನಲ್ಲಿ ಬಿ.ಎ. ಅರ್ಧಕ್ಕೆ ಬಿಟ್ಟು ಪಲ್ಟನ್ನಿಗೆ ಬಂದ ಹುಡುಗ, ತನ್ನ ಕೈಕೆಳಗೇ ಇದ್ದವನು, ಫೋಟೊದಲ್ಲಿ ಮೀಸೆಯೂ ಸರಿಯಾಗಿ ಮೂಡಿಲ್ಲ, ಈ ಕುರ್ಚಿ ಇನ್ನು ಪ್ರತಿ ವರ್ಷ ಹುತಾತ್ಮ ಸಿದ್ದಲಿಂಗನಿಗೇ ಮೀಸಲು ಎಂದು ಪ್ರಾಚಾರ್ಯ ನೇಮಿನಾಥರು ಮೈಕಿನಲ್ಲಿ ಹೇಳುತ್ತಿರುವಾಗಲೇ ಅವನ ತಾಯಿ ಶಿವಗಂಗವ್ವ ದಿಗ್ಗೇವಾಡಿಯಿಂದ ಬಂದು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ಫೋಟೊ ಎತ್ತಿ ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟಳು. ಆಯಿ, ಅಲ್ಲಿ ಬ್ಯಾಡ್ರಿ, ಅದು ಹುತಾತ್ಮರ ಕುರ್ಚಿ ಐತ್ರಿ, ಎನ್‌ಸಿಸಿಯ ಹುಡುಗಿ ಕೋಮಲ ಬಗ್ಗಿ ಪಿಸುಗುಟ್ಟಿದಳು, ನನ್ನ ಮಗಂದ ಅಲ್ಲೇನ ತಂಗಿ, ಕಾಲ ನೋಯಾಕತ್ತಾವ. ಯಾರೂ ಎಬ್ಬಿಸಲಿಲ್ಲ.

ಈಗ ಒಂದು ನಿಮಿಷದ ಮೌನ, ಸಭೆ ಎದ್ದು ನಿಂತಿದೆ, ಇವರಿಗೆ ಮೌನವೆಂದರೆ ತಲೆ ತಗ್ಗಿಸುವುದು, ವಿರುಪಾಕ್ಷಪ್ಪನಿಗೆ ಹಿಮ, ಗಡಿಯ ಬೆಟ್ಟದಲ್ಲಿ ಹಿಮ ಕುಸಿದುಬಿದ್ದ ಮೇಲಿನ ಆ ಮೌನ, ಎಲ್ಲಿ ನೋಡಿದರೂ ಬಿಳಿ, ಎಲ್ಲಿ ಅಗೆಯುವುದು, ಆಗ ಕೈಯಲ್ಲಿದ್ದ ವೈರ್‌ಲೆಸ್ಸಿನಲ್ಲಿ ಟಕ್, ಮತ್ತೆ ಟಕ್, ಮಾತಿಲ್ಲ, ಹಿಮದೊಳಗೆ ಎಲ್ಲೋ ಸಿದ್ದಲಿಂಗನ ಹೆಬ್ಬೆರಳು ಗುಂಡಿ ಒತ್ತುತ್ತಿದೆ, ಇದ್ದೇನೆ, ಇದ್ದೇನೆ, ಜೀವ ಐತಿ ಅಗೀರಿ ಲೇ ಎಂದು ತಾನು ಕೂಗುತ್ತಿದ್ದಾನೆ, ಉಗುರು ಕಿತ್ತು ಬರುವ ತನಕ ಅಗೆದರು, ಟಕ್, ಬಿಸಿಲು ಇಳಿಯಿತು, ಟಕ್ — ತಕ್ಷಣ ಪ್ರಾಣ ಹೋಯಿತು ಎಂದು ಮನೆಯವರಿಗೆ ತಿಳಿಸಿದರು ಮೇಲಿನವರು, ತಾನೂ ಅದನ್ನೇ ಹೇಳಿದ್ದ, ನಿದ್ದಿ ಹತ್ತಿದಂಗ ಹೋದಾ ಅಕ್ಕಾರ, ತ್ರಾಸ ಆಗಲಿಲ್ಲ. ಹವಾಲ್ದಾರ್ರ, ಕೂತಲ್ಲಿಂದಲೇ ಶಿವಗಂಗವ್ವ ಅವನ ಕೈ ಹಿಡಿದಿದ್ದಾಳೆ, ಅಂವಾ ಕಡೀಕ ಏನಾರ ಅಂದ್ನೇನ್ರಿ, ಇಲ್ಲ ಅನ್ನಬೇಕು, ಇಷ್ಟು ವರ್ಷ ಅಂದದ್ದೇ, ಆದರೆ ಕಬ್ಬಿನ ರವದಿಯ ಒಣಗರಿ ಗೀರಿದ ಆ ಒರಟು ಕೈಯ ಮೇಲೆ ತನ್ನ ಹೆಬ್ಬೆರಳು ತಾನಾಗಿ ಒತ್ತುತ್ತಿದೆ, ಬಿಡುತ್ತಿದೆ, ಒತ್ತುತ್ತಿದೆ, ತಡೆಯಲಾಗುತ್ತಿಲ್ಲ, ಅವಳು ಅದನ್ನೇ ನೋಡಿದಳು. ಹಿಂಗ ಮಾಡಿದ್ನೇನ್ರಿ. ಹೂಂನ್ರಿ, ವೈರ್‌ಲೆಸ್ಸಿನ್ಯಾಗ. ಎಷ್ಟೊತ್ತು ಮಾಡಿದ್ನ್ರಿ. ಸಂಜೀತನಾ, ಅಕ್ಕಾರ. ಅವಳು ಅಳಲಿಲ್ಲ, ಕೈಯನ್ನೂ ಬಿಡಲಿಲ್ಲ, ಹಂಗಾರ ನೀವು ಕೇಳಾಕತ್ತಿದ್ರಿ, ಅಂವಾ ಒಬ್ಬನ ಇರಲಿಲ್ಲ, ಅಂದಳು, ಫೋಟೊದ ಗಾಜನ್ನು ಸೆರಗಿನಿಂದ ಒರೆಸಿದಳು.

ನಿಮಿಷ ಮುಗಿಯಿತು, ಎಲ್ಲರೂ ಕೂತರು, ಚಪ್ಪಾಳೆ, ಜೈ ಹಿಂದ್, ಕುಲಪತಿಗಳು ಈಗ ಮಾತನಾಡಲಿದ್ದಾರೆ, ವಿರುಪಾಕ್ಷಪ್ಪ ನಿಂತೇ ಇದ್ದಾನೆ, ಕುಂದರ್ರಿ ಸರ್ ಎನ್ನುತ್ತಾಳೆ ಕೋಮಲ, ದೂರದಿಂದ ಬಂದಂತಿದೆ ದನಿ, ಹಿಮದ ಆಚೆಯಿಂದ, ಅಲ್ಲಿ ಒಳಗೆ ಗಾಳಿಯಿಲ್ಲ, ಬೆಳಕಿಲ್ಲ, ಬರೀ ಒಂದು ಹೆಬ್ಬೆರಳು, ಒತ್ತುತ್ತದೆ, ಬಿಡುತ್ತದೆ, ಒತ್ತುತ್ತದೆ —